ಒಂದೆಳೆ ಮೇಲೆ

"ನನ್ನ ಅಕಾರ್ಡಿಯನ್ ಸತ್ತೇಹೋಗಿದೆ ಕಣೇ!" ಎಂದು ಅಕ್ಕ ಅಂಗಡಿಯಲ್ಲೇ ಕೂಗಿಕೊಂಡಳು.

ತಂಗಿಯ ಮುಖದ ನಗು ಆರಿತು. ವಾದ್ಯ ರಿಪೇರಿಯ ಆ ಅಂಗಡಿಯಲ್ಲಿ ಅವಳೊಬ್ಬಳೇ ಕೂತು ಶ್ರುತಿ ಮಾಡಿದ ಮೊದಲ ವಾದ್ಯ ಅದು. ಎದುರಿನ ಸಭಾಂಗಣದಲ್ಲಿ ಆಗಲೇ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಇಷ್ಟು ವರ್ಷ ಬೇರೆಯವರ ಹಾಡಿಗೆ ಹಿಂದೆ ಕೂತು ನುಡಿಸಿದ ಅಕ್ಕ ಇವತ್ತು ಮೊದಲ ಸಲ ವೇದಿಕೆಯ ನಡುವೆ ಕೂರುವವಳಿದ್ದಳು. ಒಂದೇ ಹಾಡು, ಆದರೆ ಅವಳದೇ.

"ಸತ್ತಿದ್ಯಾ? ಶ್ರುತಿ ನೋಡೋ ಯಂತ್ರ ಇಟ್ಟು ನೋಡು! ಒಂದೊಂದು ಸ್ವರಕ್ಕೂ ಮುಳ್ಳು ನಟ್ಟನಡುವೆ ನಿಲ್ಲುತ್ತೆ."

"ಎರಡು ರೀಡಿಗೂ?"

"ಎರಡಕ್ಕೂ!"

ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ಒಂದು ಸ್ವರಕ್ಕೆ ಎರಡು ರೀಡು, ಎರಡು ಲೋಹದ ನಾಲಿಗೆ, ಇಟ್ಟಿರೋದು ಯಾಕೆ? ಒಂದು ಸರಿಯಾಗಿರ್ಬೇಕು, ಇನ್ನೊಂದು ಅದಕ್ಕಿಂತ ಒಂಚೂರು ಮೇಲಿರ್ಬೇಕು. ಒಂದಕ್ಕೊಂದು ಉಜ್ಜಿದ್ರೇನೇ ಅಲೆ ಏಳೋದು. ನೀನು ಎರಡನ್ನೂ ಒಂದೇ ಮಾಡಿಟ್ಟಿದ್ದೀಯ!"

ತಂಗಿಗೆ ಅಳುವೇ ಬಂತು. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಹಾಡುವಾಗ "ನಿಂದು ಯಾವಾಗಲೂ ಶ್ರುತಿಗಿಂತ ಒಂದೆಳೆ ಮೇಲೆ" ಎಂದು ಬೈದು ಬೈದು ಅಮ್ಮ ಇವಳ ಬಾಯಿ ಮುಚ್ಚಿಸಿದ್ದಳು. ಅವತ್ತಿನಿಂದ ಇವಳು ತನ್ನ ಕಿವಿಯನ್ನು ನಂಬುವುದನ್ನೇ ಬಿಟ್ಟಿದ್ದಳು. ಯಂತ್ರದ ಮುಳ್ಳು ಹೇಳಿದ್ದೇ ವೇದವಾಕ್ಯವಾಗಿತ್ತು.

"ಅಳೋಕೆ ಟೈಮಿಲ್ಲ!" ಎಂದ ಅಕ್ಕ ತಾನೇ ಅಕಾರ್ಡಿಯನ್ನಿನ ಹೊಟ್ಟೆ ಬಿಚ್ಚತೊಡಗಿದಳು. "ಎಲ್ಲ ಸ್ವರ ಬೇಡ, ಐದು ಸರಿಮಾಡು ಸಾಕು. ಚಿಕ್ಕಂದಿನಲ್ಲಿ ನಾವಿಬ್ಬರೂ ಹಾಡ್ತಿದ್ವಲ್ಲ, ಆ ಹಾಡು ಐದೇ ಸ್ವರದ್ದು. ಅದನ್ನೇ ನುಡಿಸ್ತೀನಿ."

"ಎಷ್ಟು ಮೇಲೇರಿಸ್ಲಿ?"

"ನನ್ನನ್ನೇನು ಕೇಳ್ತೀಯ? ಯಂತ್ರ ಆಚೆ ಇಡು, ಕಿವಿ ಕೊಡು."

ತಂಗಿ ಸಣ್ಣ ಅರದಿಂದ ರೀಡಿನ ತುದಿಯನ್ನು ನವಿರಾಗಿ ಕೆರೆದಳು. ಜೋಡಿಸಿ ತಿದಿ ಎಳೆದರೆ ಏನೂ ಬದಲಾಗಿರಲಿಲ್ಲ. ಇನ್ನೊಂಚೂರು ಕೆರೆದಳು. ಈ ಸಲ ಸ್ವರ ನಡುಗಿತು, ಅಲೆಯಲೆಯಾಗಿ ಎದ್ದಿತು! ಅಕ್ಕತಂಗಿಯರಿಬ್ಬರೂ ಒಟ್ಟಿಗೆ ಕಿರುಚಿದರು. ಮುಂದಿನ ಸ್ವರ ಅತಿಯಾಗಿ ಏರಿ, ಎರಡು ರೀಡೂ ಬೀದಿ ಜಗಳಕ್ಕೆ ನಿಂತ ಹಾಗೆ ಅರಚಿದವು. ಬುಡ ಕೆರೆದು ಇಳಿಸಿದ್ದಾಯಿತು. ಹಾಗೂ ಹೀಗೂ ಐದನೆಯ ಸ್ವರ ಮುಗಿಯುವಷ್ಟರಲ್ಲಿ ಎದುರಿನಿಂದ ಚಪ್ಪಾಳೆ ಕೇಳಿಸಿತು. ಇನ್ನು ಕರೆಯುವುದು ಅಕ್ಕನನ್ನೇ! ಅವಳು ವಾದ್ಯ ಅಪ್ಪಿಕೊಂಡು ಓಡಿದಳು. ತಂಗಿಯೂ ಜೊತೆಗೇ ಓಡುತ್ತ, ಬಿಚ್ಚಿದ ಹೊಟ್ಟೆಯನ್ನು ಮುಚ್ಚುವ ಕೊನೆಯ ಪಿನ್ನನ್ನು ರಸ್ತೆ ದಾಟುವಾಗ ಹೆಬ್ಬೆರಳಿನಲ್ಲೇ ಒತ್ತಿ ಕೂರಿಸಿದಳು.

ಐದೇ ಸ್ವರ ಇಡೀ ಸಭಾಂಗಣವನ್ನು ತುಂಬಿತು. ಹಾಡು ಮುಗಿದದ್ದೇ ತಡ, ಜನ ಎದ್ದು ನಿಂತರು. "ಇನ್ನೊಂದು! ಇನ್ನೊಂದು!"

ತಂಗಿ ಪರದೆಯ ಮರೆಯಿಂದ ಐದು ಬೆರಳನ್ನೂ ಬಿಡಿಸಿ ತೋರಿಸಿದಳು: ಇರುವುದು ಇಷ್ಟೇ. ಅಕ್ಕ ನಕ್ಕು ಅದೇ ಹಾಡನ್ನು ಮತ್ತೆ ಎತ್ತಿಕೊಂಡಳು. ತಿದಿ ಎಳೆಯುತ್ತಲೇ ಎದ್ದು ಪರದೆಯ ಹತ್ತಿರ ಸರಿದು, "ಬಾ, ಹಾಡು" ಎಂದಳು.

"ನಾನಾ? ನಂದು ಒಂದೆಳೆ ಮೇಲೆ ಹೋಗುತ್ತಲ್ಲ, ಅಕ್ಕಾ!"

"ಅದಕ್ಕೇ ಕಣೇ ಕರೀತಿರೋದು."