ಬಿಡಿಸಿದ ಹಾಳೆಗಳು

ರೋಮ್ ಚರಿತ್ರೆಯ ಏಳನೆಯ ಸಂಪುಟವನ್ನು ಯಾರೋ ಕೊಯ್ದಿದ್ದರು.

ಮೋಹನದಾಸರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹಾಳೆಗಳ ಅಂಚು ನೀಟಾಗಿ ಸೀಳಿತ್ತು. ಕಂದು ಬಣ್ಣದ ಆರನೆಯ ಸಂಪುಟ ತೆಗೆದರು, ಅದೂ ಸೀಳಿತ್ತು. ಗ್ರೀಸಿನ ನೀಲಿ ಸಂಪುಟಗಳನ್ನು ಎಳೆದರು. ಅವೂ ಹಾಗೆಯೇ. ಒಂದರಲ್ಲಂತೂ ಕೊಯ್ತ ಕೊನೆಯ ಪುಟದಿಂದ ಶುರುವಾಗಿ ನಡುವೆ ನಿಂತಿತ್ತು.

ನೂರು ವರ್ಷದ ಹಿಂದೆ ಇಂಥ ಪುಸ್ತಕಗಳನ್ನು ಹಾಳೆಯ ಅಂಚುಗಳು ಕೂಡಿಕೊಂಡಿರುವಂತೆಯೇ ಕಟ್ಟುತ್ತಿದ್ದರು. ಓದುವವನು ಚಾಕು ಹಿಡಿದು ಬಿಡಿಸಿಕೊಳ್ಳಬೇಕು. ಬಿಡಿಸದೆ ಉಳಿದ ಪ್ರತಿಗೆ ಸಂಗ್ರಾಹಕರಲ್ಲಿ ಬಹಳ ಮಾನ. ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತ ಮೋಹನದಾಸರು ಮೂವತ್ತು ವರ್ಷ ಕೂಡಿಸಿದ್ದೆಲ್ಲ ಅಂಥ ಪ್ರತಿಗಳೇ. ಪ್ರಾಚೀನ ಗ್ರೀಸ್, ಪ್ರಾಚೀನ ರೋಮ್, ಬೇರೊಂದಿಲ್ಲ. ಒಂದನ್ನೂ ಓದಿ ಕೆಡಿಸಿರಲಿಲ್ಲ. ಪಕ್ಕದ ಕಲ್ಯಾಣದ ಹೊಸ ಟವರುಗಳಿಗೆ ಬಿಲ್ಡರುಗಳು ಅಂಟಿಸುವ ರೋಮನ್ ಕಂಬಗಳನ್ನು ಕಂಡರೆ ಮಾತ್ರ ಮೂಗು ಮುರಿಯುತ್ತಿದ್ದರು. ಒಳಗೆಲ್ಲ ಟೊಳ್ಳು ಎನ್ನುತ್ತಿದ್ದರು.

ಕಪಾಟಿಗೆ ಬೀಗ, ಕೀಲಿ ಅವರ ಕಿಸೆಯಲ್ಲಿ. ವರ್ಷಕ್ಕೆ ಮೂರು ದಿನ, ನವರಾತ್ರಿಯ ಪುಸ್ತಕಪೂಜೆಗೆ, ಸಂಪುಟಗಳು ದೇವರ ಕೋಣೆಗೆ ಹೋಗುತ್ತಿದ್ದವು. ಆ ಮೂರು ದಿನ ಓದುವುದೇ ನಿಷಿದ್ಧ.

"ನಮ್ಮ ಮನೆಯಲ್ಲಿ ವರ್ಷವಿಡೀ ನವರಾತ್ರಿ," ಎಂದು ಹೆಂಡತಿ ಪ್ರಫುಲ್ಲಾ ಬಂದವರಿಗೆಲ್ಲ ಹೇಳುವುದಿತ್ತು.

ಅಂದು ೨೦೦೯ರ ವಿಜಯದಶಮಿಯ ಮರುದಿನ. ಪೂಜೆಯ ಪುಸ್ತಕಗಳನ್ನು ಮೋಹನದಾಸರು ಕಪಾಟಿಗೆ ಮರಳಿಸುತ್ತಿದ್ದರು. ಹನ್ನೊಂದಕ್ಕೆ ಚರಿತ್ರೆಯ ನಿವೃತ್ತ ಪ್ರಾಧ್ಯಾಪಕ ದೇಜಪ್ಪನವರು ಠಾಣೆ ಪಟ್ಟಣದಿಂದ ಬರುವವರಿದ್ದರು; ಅವರಿಗೆ ತೋರಿಸಲೆಂದೇ ಮೋಹನದಾಸರು ಎಷ್ಟೋ ವರ್ಷಗಳ ಮೇಲೆ ಸಂಪುಟಗಳನ್ನು ತೆರೆದು ನೋಡಿದ್ದು. ಅವರ ಕನ್ನಡ ಸಂಘ ಹೊಸ ವಾಚನಾಲಯ ಕಟ್ಟಿಸುತ್ತಿತ್ತು. ಸಂಗ್ರಹವನ್ನು ಅವರು ಮೆಚ್ಚಿದರೆ ಅದಕ್ಕೊಂದು ಪ್ರತ್ಯೇಕ ಕೋಣೆ. ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರದಲ್ಲಿ ಮೋಹನದಾಸರ ಹೆಸರು. ಇಡ್ಲಿಯವನೆಂದೇ ಸಾಯಬಾರದು ಎಂಬುದೊಂದೇ ಅವರ ಆಸೆಯಾಗಿತ್ತು.

"ಚಂದ್ರಬಾಯಿ!"

ಮನೆ ಒರೆಸುವ ಚಂದ್ರಬಾಯಿ ಒದ್ದೆ ಬಟ್ಟೆ ಹಿಡಿದೇ ಬಂದಳು. ಕಲಬುರಗಿ ಕಡೆಯವಳು, ಯಾರಿಗೂ ಹೆದರಿದವಳಲ್ಲ.

"ಇದನ್ನು ಕೊಯ್ದದ್ದು ನೀನೇ ತಾನೆ?"

"ನಾ ಯಾಕ ಕೊಯ್ಲಿ ಸಾಹೇಬ್ರ? ಬದನಿಕಾಯೇನು ಅದು? ಕೀಲಿ ನಿಮ್ಮ ಕಿಸೇದಾಗ, ತಪ್ಪು ನನ್ನ ತೆಲೀ ಮ್ಯಾಲ!"

"ಪೂಜೆಯ ದಿನ ದೇವರ ಕೋಣೆ ಗುಡಿಸಿದ್ದು ಯಾರು?"

"ಗುಡಿಸೀನಿ. ಅಲ್ಲಿ ದೊಡ್ಡ ಅಮ್ಮೋರು ಹಗಲೆಲ್ಲಾ ಕುಂತಿರ್ತಾರ, ಕೇಳ್ರಿ."

"ನಾಳೆಯಿಂದ ಕೆಲಸಕ್ಕೆ ಬರಬೇಡ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ದೇಜಪ್ಪನವರು. "ಫಾಸ್ಟ್ ಲೋಕಲ್ ರೈಲು ಸಿಕ್ಕಿತು, ಬೇಗ ಬಂದೆ," ಎಂದರು. ಅವರ ಕಣ್ಣು ಆಗಲೇ ಸೀಳಿದ ಹಾಳೆಗಳ ಮೇಲಿತ್ತು.

ಅದೇ ಹೊತ್ತಿಗೆ ಒಳಗಿನಿಂದ ಮೋಹನದಾಸರ ತಾಯಿ ರತ್ನಾವತಿಯಮ್ಮ ಗೋಡೆ ಹಿಡಿದುಕೊಂಡು ಬಂದರು. ಎಂಬತ್ತೆರಡು ವಯಸ್ಸು, ಕೈಯಲ್ಲಿ ಜಪಮಾಲೆ.

"ಅವಳಿಗೆ ಯಾಕೆ ಬೈಯುವುದು ಮಗಾ? ಕೊಯ್ದದ್ದು ನಾನು."

ಅವರು ಕುರ್ಚಿಯ ಮೇಲೆ ಕೂತು ಜಪಮಾಲೆಯನ್ನು ಮಡಿಲಲ್ಲಿಟ್ಟರು.

"ನಿನ್ನ ಅಪ್ಪ ಹೋದ ವರ್ಷದಿಂದ. ಈಗ ಹದಿನಾರು ವರ್ಷ ಆಯಿತಲ್ಲ? ಪೂಜೆಗಿಟ್ಟ ಪುಸ್ತಕದ ಮುಂದೆ ಕೂತಿರುತ್ತೇನೆ. ಕೈ ಸುಮ್ಮನಿದ್ದರೆ ಮನಸ್ಸು ಅವರ ಹತ್ತಿರವೇ ಹೋಗುತ್ತದೆ. ನೋಡಿದರೆ ಇವೆಲ್ಲ ಬಾಯಿ ಮುಚ್ಚಿಕೊಂಡು ಕೂತಿವೆ. ಸರಸ್ವತಿಯ ಎದುರು ಹಾಗೆ ಇಡುವುದುಂಟಾ? ಹಣ್ಣು ಕೊಯ್ಯುವ ಕತ್ತಿ ಅಲ್ಲೇ ಇತ್ತು. ದಿನಕ್ಕೆ ಇಷ್ಟು ಅಂತ ಮಾಡಿಕೊಂಡು ಬಂದೆ."

ದೇಜಪ್ಪನವರು ಒಂದು ಸಂಪುಟ ತೆಗೆದು ಪುಟ ಪುಟವನ್ನೂ ತಿರುವಿದರು. ಮೋಹನದಾಸ ಕೊಳ್ಳುತ್ತಾನೆ, ಓದುವುದಿಲ್ಲ; ಓದದವನ ಹೆಸರು ವಾಚನಾಲಯಕ್ಕೆ ಬೇಡ ಎಂದು ಸಂಘದಲ್ಲಿ ಕೆಲವರು ತಕರಾರು ತೆಗೆದಿದ್ದರು. ಅದನ್ನು ಪರೀಕ್ಷಿಸಲೆಂದೇ ಅವರು ಬಂದದ್ದು.

"ಒಂದು ಗೆರೆ ಎಳೆದಿಲ್ಲ, ಎಂಜಲು ಬೆರಳು ತಾಗಿಸಿಲ್ಲ," ಎಂದರು. ಅವರ ಧ್ವನಿ ಮೆತ್ತಗಾಗಿತ್ತು. "ಇದು ನೋಡಿ, ಕೊನೆಯಿಂದ ಶುರು. ಪದಸೂಚಿಯಿಂದ ಹಿಂದಕ್ಕೆ ಬರುವುದು ನುರಿತವರ ಕ್ರಮ. ಅಮ್ಮ, ಯಾವುದು ಹೆಚ್ಚು ಕಷ್ಟವಾಯಿತು?"

"ಕಂದು ಬಣ್ಣದ್ದು ಸಲೀಸು. ನೀಲಿಯದ್ದು ಬಹಳ ಗಟ್ಟಿ."

"ಅದೇ! ರೋಮ್ ಸಲೀಸು, ಗ್ರೀಸ್ ಗಟ್ಟಿ. ಮೂವತ್ತು ವರ್ಷ ಪಾಠ ಹೇಳಿ ನಾನು ಕಂಡುಕೊಂಡದ್ದೂ ಇಷ್ಟೇ." ಆಮೇಲೆ ಕಣ್ಣು ಮಿಟುಕಿಸಿದರು. "ಆದರೆ ಪೂಜೆಗಿಟ್ಟ ಪುಸ್ತಕ ಓದಬಾರದಲ್ಲ, ಅಮ್ಮ?"

"ಆ ನಿಯಮ ನಾನು ಒಂದು ದಿನವೂ ಮೀರಿದವಳಲ್ಲ," ಎಂದರು ರತ್ನಾವತಿಯಮ್ಮ, ಗಂಭೀರವಾಗಿ.

ದೇಜಪ್ಪನವರು ಹೊಟ್ಟೆ ಹಿಡಿದು ನಕ್ಕರು. ಇಷ್ಟೆಲ್ಲ ಓದಿಯೂ ಎಂಥ ವಿನಯ, ಎಂದುಕೊಂಡರು.

"ನಾಳಿಂದ ಬರ್ಲೋ, ಬ್ಯಾಡೋ?" ಎಂದು ಚಂದ್ರಬಾಯಿ ಮೂಲೆಯಿಂದ ಕೇಳಿದಳು.

"ಬಾ ಮಾರಾಯ್ತಿ, ಬಾ," ಎಂದರು ಮೋಹನದಾಸರು.

ದೇಜಪ್ಪನವರು ಚೀಲದಿಂದ ದಾನಪತ್ರ ತೆಗೆದು ಮೇಜಿನ ಮೇಲೆ ಹರಡಿದರು. "ಕೋಣೆ ಸಿಕ್ಕಿತೆಂದೇ ತಿಳಿಯಿರಿ. ಹೆಸರು ಮಾತ್ರ ನಿಮ್ಮದಲ್ಲ ಮೋಹನದಾಸರೇ, ಅಮ್ಮನದು. ಹದಿನಾರು ವರ್ಷ, ವರ್ಷಕ್ಕೆ ಮೂರೇ ದಿನ! ಇಂಥ ವಿದುಷಿ ಮನೆಯಲ್ಲಿದ್ದೂ ನೀವು ಒಂದು ಮಾತು ಹೇಳಲಿಲ್ಲವಲ್ಲ."

ಮೋಹನದಾಸರು ಬಾಯಿ ತೆರೆದರು. ಪ್ರಫುಲ್ಲಾ ಗಂಡನ ಕಾಲು ಮೆಟ್ಟಿದಳು. ಬಾಯಿ ಮುಚ್ಚಿಕೊಂಡಿತು.

"ಮೊದಲ ಸಹಿ ಅಮ್ಮನದೇ ಆಗಲಿ," ಎಂದು ದೇಜಪ್ಪನವರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಎರಡೂ ಕೈಯಿಂದ ನೀಡಿದರು.

ರತ್ನಾವತಿಯಮ್ಮ ಪೆನ್ನನ್ನು ಮುಟ್ಟಲಿಲ್ಲ; ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದರು: "ಮಸಿ ಹಚ್ಚು ಮಗಾ, ಎಲ್ಲಿ ಒತ್ತಬೇಕು?"