ಎರಡನೆಯ ಫೈಬರ್

ಎರಡನೆಯ ದೀಪ ಉರಿಯಬಾರದಿತ್ತು.

ಮೆಟ್ಟಿಲ ಕೆಳಗಿನ ಕಪಾಟಿನ ಮುಂದೆ ಮಂಡಿಯೂರಿ ಕೂತು ಅವನು ಮತ್ತೆ ನೋಡಿದ. ಮನೆಗೆಲ್ಲ ಇಂಟರ್ನೆಟ್ ಹಂಚುವ ಸ್ವಿಚ್ಚಿನಲ್ಲಿ ಫೈಬರಿಗೆಂದು ಇದ್ದದ್ದು ಎರಡೇ ಪೋರ್ಟು. ಒಂದರಿಂದ ಹೊರಟ ಕೇಬಲ್ ಮಹಡಿಯ ಮೇಲೆ ಅವಳ ಕೆಲಸದ ಕೋಣೆಗೆ ಹೋಗುತ್ತಿತ್ತು. ಅದನ್ನು ಎಳೆದವನು ಅವನೇ. ಇನ್ನೊಂದಕ್ಕೆ ರಬ್ಬರ್ ಮುಚ್ಚಳ ಹಾಕಿದವನೂ ಅವನೇ. ಈಗ ಮುಚ್ಚಳವಿರಲಿಲ್ಲ. ಅಲ್ಲಿ ಹಸಿರು ದೀಪ ಪಿಳಿಪಿಳಿ ಎನ್ನುತ್ತಿತ್ತು. ಅಂದರೆ ಆ ತುದಿಯಲ್ಲಿ ಯಾರೋ ಇದ್ದಾರೆ, ಈ ಗಳಿಗೆಯಲ್ಲೇ ಕೆಲಸ ಮಾಡುತ್ತಿದ್ದಾರೆ.

ಅವಳು ಮನೆಯಲ್ಲಿರಲಿಲ್ಲ. ಅವನು ಬರುತ್ತಾನೆಂದು ಅವಳಿಗೆ ಗೊತ್ತೂ ಇರಲಿಲ್ಲ. ಅವನು ಕೆಲಸಕ್ಕಿದ್ದ ನೆಟ್‌ವರ್ಕ್ ಸಾಮಾನಿನ ಅಂಗಡಿ ಇವತ್ತು ಮಧ್ಯಾಹ್ನಕ್ಕೇ ಮುಚ್ಚಿತ್ತು. ಸ್ಕೂಟರನ್ನು ಎಂದಿನಂತೆ ಆಚೆ ಬೀದಿಯಲ್ಲಿ ನಿಲ್ಲಿಸಿ, ಹಿಂಬಾಗಿಲ ಬೀಗ ತೆಗೆದು ಒಳಗೆ ಬಂದಾಗ ಅವನ ಮುಖದಲ್ಲಿ ನಗುವಿತ್ತು. ಜೇಬಿನಲ್ಲಿ ಹೊಸ ಮನೆಯ ಬೀಗದಕೈ ಇತ್ತು. ಊರಿನ ಇನ್ನೊಂದು ತುದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹಳೆಯ ಫೋಟೋಗಳನ್ನು ತಿದ್ದಿ ಸರಿಪಡಿಸುವ ಅವಳ ಕೆಲಸಕ್ಕೆ ಹೇಳಿ ಮಾಡಿಸಿದಂಥ ಬೆಳಕು. ಇಬ್ಬರೂ ಅಲ್ಲಿಗೆ ಹೋಗಿಬಿಡೋಣ ಎಂದು ಆರು ತಿಂಗಳಿಂದ ಬೆನ್ನು ಬಿದ್ದಿದ್ದ. "ನೋಡೋಣ ಕಣೋ" ಎನ್ನುತ್ತಿದ್ದಳು. ಇವತ್ತು ಹೂಂ ಅನ್ನಿಸಿಯೇ ತೀರುವುದೆಂದು ಹೊರಟಿದ್ದ. ಕಾಯುತ್ತ ಕೂತವನ ಕೈ ಸುಮ್ಮನಿರಬೇಕಲ್ಲ? ಸ್ವಿಚ್ಚಿಗೆ ಧೂಳು ಹಿಡಿದಿದೆಯೇನೋ ಎಂದು ಕಪಾಟು ತೆರೆದ.

ಎರಡನೆಯ ಪೋರ್ಟಿನ ಟ್ರಾನ್ಸೀವರನ್ನು ಎಳೆದು ಅಂಗೈಯಲ್ಲಿ ಹಿಡಿದ. ಫೈಬರಿನೊಳಗೆ ಬೆಳಕು ಕಳಿಸುವ, ಬಂದ ಬೆಳಕನ್ನು ಹಿಡಿಯುವ ಬೆರಳುದ್ದದ ಲೋಹದ ತುಂಡು ಅದು. ಅದರ ಮೂಲೆಯಲ್ಲೊಂದು ಕೆಂಪು ಚುಕ್ಕೆ. ಆ ಚುಕ್ಕೆ ಇಟ್ಟವನು ಅವನೇ.

ಮೂರು ವಾರದ ಹಿಂದಿನ ಮಾತು. "ನನ್ನ ಗೆಳತಿ ಮನೆಗೂ ಇಂಥದ್ದೇ ಬೇಕಂತೆ. ನೀನೇ ಆರಿಸಿಕೊಡು" ಎಂದಿದ್ದಳು.

"ಒಂದು ತುದಿಗೆ ಯಾವ ಸ್ವಿಚ್ ಇದೆ?"

"ಇಲ್ಲಿರೋದೇ ಅಂತ ಇಟ್ಕೋ."

"ಇನ್ನೊಂದು ತುದಿಗೆ?"

"ಚಿಕ್ಕದು ಸಾಕು. ಫ್ಯಾನ್ ಇರೋದು ಬೇಡ, ಸದ್ದು ಮಾಡುತ್ತೆ. ಅಲ್ಲಿ ದಿನವಿಡೀ ಕೂತು ಕೆಲಸ ಮಾಡೋರಿದ್ದಾರೆ."

ಸ್ವಿಚ್ಚುಗಳ ಜಂಬ ಅಷ್ಟಿಷ್ಟಲ್ಲ. ಕೆಲವು ತಮ್ಮ ಕಂಪನಿಯದ್ದಲ್ಲದ ಟ್ರಾನ್ಸೀವರನ್ನು ಹತ್ತಿರವೂ ಸೇರಿಸುವುದಿಲ್ಲ. ಹೊರಗಿನದನ್ನು ಸೇರಿಸಬೇಕಾದರೆ ಅದರೊಳಗಿನ ಗುರುತನ್ನು ತಿದ್ದಿ, ನಾನು ಈ ಮನೆಯವನೇ ಎಂದು ಹೇಳಿಸಬೇಕು. ಅದೂ ಸಾಲದೆಂದು, ಒಂದೇ ಎಳೆಯಲ್ಲಿ ಬೆಳಕು ಹೋಗಿಬರುವ ಈ ಬಗೆಯವು ಜೋಡಿಯಾಗಿಯೇ ಬೇಕು: ಈ ತುದಿಯದು ಒಂದು ಬಣ್ಣದ ಬೆಳಕು ಕಳಿಸಿದರೆ ಆ ತುದಿಯದು ಇನ್ನೊಂದು ಬಣ್ಣದ್ದು. ಒಂದೇ ಥರದವು ಎರಡು ತಂದರೆ ಎರಡೂ ಮೂಕವಾಗಿ ಕೂರುತ್ತವೆ. ಅವನು ಎರಡು ದಿನ ಊಟದ ಬಿಡುವು ಬಿಟ್ಟು, ಗುರುತು ತಿದ್ದಿ, ಅದಲುಬದಲಾಗದಿರಲೆಂದು ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಚುಕ್ಕೆ ಇಟ್ಟುಕೊಟ್ಟಿದ್ದ. ಅವಳು ಅವನ ಕೆನ್ನೆ ಹಿಂಡಿ, "ಜಾಣ" ಎಂದಿದ್ದಳು.

ಗೆಳತಿಯಂತೆ ಗೆಳತಿ!

ಫೋನ್ ಮಾಡಿದ.

"ಎಲ್ಲಿದ್ದೀಯ?" ಅವಳೇ ಮೊದಲು ಕೇಳಿದಳು. "ಅಂಗಡಿಯಲ್ಲೇ ತಾನೇ?"

"ಹೂಂ. ನಿನ್ನ ಗೆಳತಿ ಮನೆ ನೆಟ್ ಹೇಗಿದೆ?"

"ಚೆನ್ನಾಗಿದೆಯಂತೆ. ನೀನು ಅಲ್ಲೇ ಇರು, ಸಂಜೆ ನಾನೇ ಬರ್ತೀನಿ. ನಿನಗೊಂದು ವಿಷಯ ಹೇಳೋದಿದೆ."

"ಈಗಲೇ ಹೇಳು."

"ಫೋನಲ್ಲಿ ಹೇಳೋ ಮಾತಲ್ಲ" ಎಂದು ಇಟ್ಟುಬಿಟ್ಟಳು.

ಅವನು ಕೇಬಲಿನ ಬೆನ್ನು ಹತ್ತಿದ. ಅದು ಗೋಡೆಯ ತೂತಿನಿಂದ ಹೊರಬಿದ್ದು, ಕಿಟಕಿಯ ಕೆಳಗೆ ಹಾದು, ಮನೆಯ ಮುಂಭಾಗಕ್ಕೆ ತಿರುಗಿತ್ತು. ತಿರುವಿನಲ್ಲಿ ಮುರಿಯದಂತೆ ಅಗಲವಾಗಿ ಬಾಗಿಸಲಾಗಿತ್ತು. ಹಾಗೆ ಬಾಗಿಸಬೇಕೆಂದು ಅವಳಿಗೆ ಕಲಿಸಿದವನೂ ಅವನೇ. ಅವಳು ಎಷ್ಟು ಚೆನ್ನಾಗಿ ಕಲಿತಿದ್ದಾಳೆಂದು ನೋಡಿ ಅವನಿಗೆ ಮೈಯೆಲ್ಲ ಉರಿಯಿತು.

ಕೇಬಲ್ ಹೋಗಿ ಸೇರಿದ್ದು ಕಾರ್ ಶೆಡ್ಡಿನ ಮೇಲಿನ ಕೋಣೆಗೆ. ಮನೆ ಕಟ್ಟಿಸಿದವರು ಅವಳ ಅಪ್ಪ. ಅವರ ಹಳೇ ಸಾಮಾನು ತುಂಬಿದೆ ಎಂದು ಆ ಕೋಣೆಗೆ ಯಾವಾಗಲೂ ಬೀಗ ಹಾಕಿರುತ್ತಿದ್ದಳು. ಅವನು ಎಂದೂ ಕೆದಕಿರಲಿಲ್ಲ. ಇವತ್ತು ಬೀಗವಿರಲಿಲ್ಲ. ಕಿಟಕಿಗೆ ಹೊಸ ಪರದೆ ಬಂದಿತ್ತು. ಕಟಕಟೆಯ ಮೇಲೆ ಗಂಡಸಿನ ಅಂಗಿಯೊಂದು ಒಣಗುತ್ತಿತ್ತು. ಕೆಳಗೆ ಶೆಡ್ಡಿನಲ್ಲಿ ಒಂದು ಕಾರು, ಮೈತುಂಬ ದೂರದ ದಾರಿಯ ಧೂಳು ಹೊತ್ತು ನಿಂತಿತ್ತು. ಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು.

ಎರಡು ವರ್ಷ. ಎರಡು ವರ್ಷ ಕಣ್ಣುಮುಚ್ಚಿ ನಂಬಿದ್ದ. ಮೋಸ ಮಾಡುವವಳು ಮಾಡಿಕೊಳ್ಳಲಿ. ಆ ಮೋಸಕ್ಕೆ ಬೇಕಾದ ಸಾಮಾನನ್ನು ಅವನ ಕೈಯಿಂದಲೇ ಸಿದ್ಧಮಾಡಿಸಿಕೊಂಡಳಲ್ಲ! ಅವನಿಗೆ ಅಳು ಬಂತು. ಅಳುವುದಕ್ಕೆ ನಾಚಿಕೆಯಾಗಿ ಸಿಟ್ಟು ತಂದುಕೊಂಡ. ಕಬ್ಬಿಣದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಯಾರಯ್ಯ ನೀನು, ಈ ಮನೆಯಲ್ಲಿ ನಿನಗೇನು ಕೆಲಸ? ಕೇಳಬೇಕಾದ ಮಾತನ್ನು ಬಾಯಲ್ಲೇ ಸಿದ್ಧಮಾಡಿಕೊಂಡ.

ಬಡಿಯುವ ಮುಂಚೆಯೇ ಬಾಗಿಲು ತೆರೆಯಿತು. ಕನ್ನಡಕವನ್ನು ಹಣೆಗೇರಿಸಿದ, ಮನೆಯ ಚಪ್ಪಲಿ ಮೆಟ್ಟಿದ ಒಬ್ಬ ಗಂಡಸು. ಬಂದವನ ಮೈಮೇಲಿದ್ದ ಅಂಗಡಿಯ ಹೆಸರಿನ ಅಂಗಿಯನ್ನು ನೋಡಿದ, ಅಂಗೈಯಲ್ಲಿದ್ದ ತುಂಡನ್ನು ನೋಡಿದ. ಬಂದವನು ಬಾಯಿ ತೆರೆಯುವಷ್ಟರಲ್ಲಿ ಆ ಮನುಷ್ಯ ಮುಖವರಳಿಸಿ ದಾರಿ ಬಿಟ್ಟು ನಿಂತ.

"ಅಬ್ಬಾ, ನೆಟ್ ಹೋಗಿ ಹತ್ತು ನಿಮಿಷ ಆಗಿಲ್ಲ, ಆಗಲೇ ಬಂದುಬಿಟ್ರಲ್ಲ! ಬನ್ನಿ ಬನ್ನಿ, ಊರೂರು ಅಲೆಯೋ ಕೆಲಸ ಬಿಟ್ಟು ಬಂದಿದ್ದೀನಿ, ಇನ್ನು ನಾನು ದಿನವಿಡೀ ಮನೆಯಲ್ಲೇ. ನನ್ನ ಹೆಂಡತಿ ನಿಮ್ಮನ್ನ ತುಂಬಾ ಹೊಗಳ್ತಾಳೆ."