ಏಳು ಸಾವಿರ ಸುತ್ತು

ಕೆಂಪು ಎಲೆಕ್ಟ್ರಿಕ್ ಗಿಟಾರಿನ ಮೇಲೆ ಇಟ್ಟ ಕೈಯನ್ನು ಅವಳು ತೆಗೆಯಲಿಲ್ಲ. ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೈ ಅದು. ಬೆರಳ ಸಂದಿಯಲ್ಲೆಲ್ಲ ವಾರ್ನಿಷ್ ಕಪ್ಪು. ವರ್ಷವಿಡೀ ಅಂಗಡಿಯ ಗಾಜಿನಾಚೆ ನಿಂತು ನೋಡಿದ್ದವಳು, ಓಲೆ ಮಾರಿಯಾದರೂ ಕೊಂಡೇ ತೀರುವೆನೆಂದು ಇವತ್ತು ಒಳಗೆ ಬಂದಿದ್ದಳು.

“ಕೈ ತೊಳ್ಕೊಂಡಿದ್ದೀರಾ?” ಎಂದ ಅಂಗಡಿಯವನು.

“ತೊಳ್ಕೊಂಡೇ ಬಂದಿದ್ದಾಳಪ್ಪಾ. ಹೋಗದೇ ಇರೋದು ಬಣ್ಣ, ಕೊಳೆಯಲ್ಲ,” ಎಂದಳು ಜೊತೆಗೆ ಬಂದಿದ್ದ ನಾದಿನಿ. “ಇದಕ್ಯಾಕೆ ಇಷ್ಟು ಬೆಲೆ?”

“ತಂತಿ ಕೆಳಗಿನ ಈ ಪಟ್ಟಿ ನೋಡಿ, ದನಿ ಬರೋದೇ ಇದ್ರಿಂದ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ. ಏಳು ಸಾವಿರ ಸುತ್ತು, ಕೈಯಲ್ಲೇ ಸುತ್ತಿದ್ದು. ಬೆಲೆ ಆ ಕೈಕೆಲಸದ್ದು.”

ಅವಳು ತನ್ನ ಕಪ್ಪು ಬೆರಳುಗಳನ್ನು ನೋಡಿಕೊಂಡಳು. ಮೊದಲು ತುಟಿ ನಕ್ಕಿತು, ಆಮೇಲೆ ಇಡೀ ಮೈ.

“ಅತ್ತಿಗೆ, ಅಷ್ಟನ್ನ ನೀನು ಊಟಕ್ಕೆ ಮುಂಚೆ ಸುತ್ತಿ ಬಿಸಾಕ್ತೀಯಲ್ಲ,” ಎಂದ ನಾದಿನಿಗೂ ನಗು ಹತ್ತಿತು.

ಅವಳು ಕೆಂಪು ಗಿಟಾರಿನಿಂದ ಕೈ ತೆಗೆದು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯದನ್ನು ತೋರಿಸಿದಳು. “ಅದನ್ನ ಕೊಡಿ.”

“ಅಯ್ಯೋ, ಅದರ ತಾಮ್ರದ ಸುರುಳಿ ಹೋಗಿ ಬಾಯಿ ಬಿದ್ದುಹೋಗಿದೆ ಅಮ್ಮ.”

ಅಷ್ಟರಲ್ಲಿ ಅವಳು ಅದನ್ನು ಎದೆಗೆ ಅಪ್ಪಿಕೊಂಡಾಗಿತ್ತು. “ಬಾಯಿ ಬಿಡಿಸೋದೇ ನನ್ನ ಕೆಲಸ.”